ಯಾರದೂ ಅಲ್ಲದ ಒಂದು ಮೀಟರು

ದುಂಡಗಿರುವ ಲಾಂಛನವನ್ನೂ ಉದ್ದಕ್ಕಿರುವ ಲಾಂಛನವನ್ನೂ ಸಮನಾಗಿ ಕಾಣಿಸುವುದು ಹೇಗೆ ಎಂಬುದು ಬೆಳಗಿನಿಂದ ಅವನ ತಲೆ ತಿನ್ನುತ್ತಿತ್ತು. ಸಭಾಂಗಣದ ಗೋಡೆಗೆ ಕಟ್ಟಬೇಕಾದ ಬಟ್ಟೆ ಮೇಜಿನ ಮೇಲೆ ಬಿಚ್ಚಿಕೊಂಡು ಬಿದ್ದಿತ್ತು. ಮೂರು ಸಂಸ್ಥೆಗಳ ಮೂರು ಲಾಂಛನ, ಕೆಳಗೆ ಇರುವೆಯಂಥ ಅಕ್ಷರಗಳಲ್ಲಿ ಅವನ ಮಂಡಳಿಯ ಹೆಸರು. ಕಳೆದ ಸಲ ಮೂರರ ಎತ್ತರವನ್ನೂ ಸಮ ಮಾಡಿಸಿದ್ದ; ದುಂಡು ಲಾಂಛನದವರು ತಮ್ಮದು ಅಗಲದಲ್ಲಿ ಕಿರಿದಾಯಿತೆಂದು ಪತ್ರ ಬರೆದರು. ಅದರ ಹಿಂದಿನ ಸಲ ಅಗಲ ಸಮ ಮಾಡಿಸಿದ್ದಕ್ಕೆ ದುಂಡಗಿನದು ಊಟದ ತಟ್ಟೆಯಷ್ಟಾಗಿ, ಮಿಕ್ಕ ಎರಡು ಅದರ ಪಕ್ಕ ಅಂಟಿಸಿದ ಚೀಟಿಯ ಹಾಗೆ ಕಂಡು, ಮಿಕ್ಕ ಇಬ್ಬರು ಪತ್ರ ಬರೆದರು. ಈ ಸಲ ಅವನು ಕಾಗದ, ಪೆನ್ಸಿಲು ಹಿಡಿದು ಕ್ಷೇತ್ರಫಲವನ್ನೇ ಸಮ ಮಾಡಿದ್ದ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಶಾಲೆಯ ಗಣಿತ ಉಪಯೋಗಕ್ಕೆ ಬಂದದ್ದು ಇದೊಂದೇ ಸಲ ಎಂದು ಹೊಳೆಯಿತು. ಕುರ್ಚಿ ಹತ್ತಿ ಬಟ್ಟೆಯ ಒಂದು ತುದಿಯನ್ನು ಮೊಳೆಗೆ ಸಿಕ್ಕಿಸಿದ. ಇಳಿದು ನೋಡಿದರೆ ದುಂಡು ಲಾಂಛನದ ಮೇಲೆಯೇ ಬಟ್ಟೆ ಸುಕ್ಕಾಗಿತ್ತು. ಮತ್ತೆ ಹತ್ತಿದ.

ಅವನು ಪ್ರಾದೇಶಿಕ ಅಭಿವೃದ್ಧಿ ಮಂಡಳಿಯ ಸಮನ್ವಯಾಧಿಕಾರಿ. ಹೊರದೇಶಗಳಿಂದ ನೆರವಿಗೆ ಬರುವ ಸಂಸ್ಥೆಗಳು ಒಂದರ ಕಾಲು ಒಂದು ತುಳಿಯದಂತೆ, ಒಂದು ಕಟ್ಟಿದ್ದನ್ನು ಇನ್ನೊಂದು ಅಗೆಯದಂತೆ ನೋಡಿಕೊಳ್ಳುವುದು ಅವನ ಕೆಲಸ. ಸಂಸ್ಥೆಗಳ ಹೆಸರುಗಳು ಉದ್ದುದ್ದ ಇದ್ದುದರಿಂದ ಕಚೇರಿಯಲ್ಲಿ ಯಾರೂ ಅವನ್ನು ಹೇಳುತ್ತಿರಲಿಲ್ಲ. ಗುಡ್ಡದ ಮೇಲೆ ನೀರಿನ ತೊಟ್ಟಿ ಕಟ್ಟಿದವರು ತೊಟ್ಟಿಯವರು. ಕೊಳವೆ ಹಾಕಿ ನಲ್ಲಿ ನಿಲ್ಲಿಸಿದವರು ಕೊಳವೆಯವರು. ಇವರಿಬ್ಬರ ಕೆಲಸದಿಂದ ಜನರ ಬದುಕು ಎಷ್ಟು ಸುಧಾರಿಸಿತೆಂದು ಅಳೆಯಲು ಬಂದವರು ಅಳತೆಯವರು. ಈ ಮೂವರನ್ನೂ ಒಂದೇ ಮೇಜಿನ ಸುತ್ತ ಕೂರಿಸುವ ಹದಿನೇಳನೆಯ ಸಭೆ ಇವತ್ತು. ಹದಿನಾರು ಸಭೆಗಳಿಂದ ಅವನು ಕಲಿತದ್ದೇನೆಂದರೆ, ತೊಟ್ಟಿಯವರನ್ನು ಕಿಟಕಿಗೆ ಬೆನ್ನು ಮಾಡಿ ಕೂರಿಸಬಾರದು, ಕೊಳವೆಯವರಿಗೆ ಸಕ್ಕರೆಯಿಲ್ಲದ ಚಹಾ ಬೇಕು, ಅಳತೆಯವರ ಮುಂದೆ ಯಾರೂ ‘ಸುಮಾರು’ ಎಂಬ ಮಾತನ್ನು ಆಡಬಾರದು.

ಒಂಬತ್ತೂವರೆಗೆ ಮೊಗಸಾಲೆಯ ಬೆಂಚಿನ ಮೇಲೆ ನೀರಿನಕ್ಕ ಬಂದು ಕೂತಿದ್ದಳು. ಗುಡ್ಡದ ಮೇಲ್ವಸತಿಯ ನೀರಿನ ಸಮಿತಿಗೆ ಆಕೆ ಮುಖ್ಯಸ್ಥೆ. ಅಲ್ಲಿ ಎಲ್ಲರೂ ಕರೆಯುವುದು ಹಾಗೆಯೇ. ಈಗ ಆ ಹೆಸರನ್ನು ಸ್ವಲ್ಪ ಗೇಲಿಗೂ ಕರೆಯುತ್ತಾರೆ, ಹನ್ನೊಂದು ತಿಂಗಳಿಂದ ನೀರು ಬಂದಿಲ್ಲವಲ್ಲ. ಮೊದಲ ಬಸ್ಸು ಹಿಡಿದು ಬಂದಿದ್ದಳು. ಮಡಿಲಲ್ಲಿ ಕೈಚೀಲ, ಅದರೊಳಗೆ ಮಡಿಸಿದ ಅರ್ಜಿ. ಫಲಾನುಭವಿಯ ಮಾತನ್ನು ಐದು ನಿಮಿಷ ಕೇಳಲೇಬೇಕೆಂದು ಅಳತೆಯವರ ನಿಯಮವಿತ್ತು; ಅದಕ್ಕಾಗಿ ಕರೆಸಿದ್ದರು. ಅವನು ಎರಡು ಸಲ ಆಕೆಯ ಮುಂದೆ ಹಾದುಹೋದ. ಮೊದಲ ಸಲ ಕೈಯಲ್ಲಿ ಕಡತವಿತ್ತು, ಎರಡನೆಯ ಸಲ ಕಿವಿಯಲ್ಲಿ ಫೋನಿತ್ತು. ಫೋನಿನ ಆ ಕಡೆ ಯಾರೂ ಇರಲಿಲ್ಲ. ಐವತ್ತೆರಡರ ಗಂಡಸು ಒಬ್ಬ ಹೆಂಗಸಿಗೆ ಹೆದರಿ ಸತ್ತ ಫೋನಿನೊಂದಿಗೆ ‘ಹೌದು, ಹೌದು’ ಎನ್ನುತ್ತ ನಡೆಯುವುದು ಎಷ್ಟು ನಾಚಿಕೆಗೇಡು ಎಂದು ಅನ್ನಿಸಿದ್ದೂ ನಡೆಯುತ್ತಿರುವಾಗಲೇ.

ಸಭೆ ಹತ್ತಕ್ಕೆ ಶುರುವಾಯಿತು. ಮಂಡಳಿಯ ನಿರ್ದೇಶಕರು ಸ್ವಾಗತ ಹೇಳಿ, ಬಟ್ಟೆಯ ಕಡೆ ಕಣ್ಣು ಹಾಯಿಸಿ, ಅವನ ಕಡೆ ನೋಡಿ ತಲೆಯಾಡಿಸಿದರು. ಆ ತಲೆಯಾಡಿಸುವಿಕೆಗೆ ಅವನ ಎದೆ ಒಂದು ಕ್ಷಣ ಹಗುರಾಯಿತು. ಆಮೇಲೆ ಅದಕ್ಕೇ ಸಿಟ್ಟು ಬಂತು. ಕಾರ್ಯಸೂಚಿಯ ಮೊದಲ ಐದು ಅಂಶಗಳು ಹಿಂದಿನ ಸಭೆಯ ನಡಾವಳಿಯನ್ನು ಒಪ್ಪುವುದರ ಬಗ್ಗೆಯೇ ಇದ್ದವು. ‘ನಿರ್ಧರಿಸಲಾಯಿತು’ ಎಂದು ಬರೆದಿರುವ ಕಡೆ ‘ಚರ್ಚಿಸಲಾಯಿತು’ ಎಂದಾಗಬೇಕೆಂದು ತೊಟ್ಟಿಯವರು ಹೇಳಿದರು. ಚರ್ಚೆಯೂ ಪೂರ್ತಿ ಆಗಿರಲಿಲ್ಲವಾದ್ದರಿಂದ ‘ಪ್ರಸ್ತಾಪಿಸಲಾಯಿತು’ ಸಾಕು ಎಂದರು ಕೊಳವೆಯವರು. ಅವನು ಬರೆದುಕೊಂಡ. ಹೀಗೆ ಹಿಂದಕ್ಕೆ ಹೋಗುತ್ತಾ ಹೋದರೆ ಒಂದು ದಿನ ಯಾರೂ ಯಾರನ್ನೂ ಭೇಟಿಯಾಗಿಯೇ ಇಲ್ಲವೆಂದು ಕಡತದಲ್ಲಿ ಸಾಬೀತಾಗಬಹುದು.

ಆರನೆಯ ಅಂಶ ಮೇಲ್ವಸತಿಯ ನೀರು. ಅದರ ಸಂಗತಿ ಇಷ್ಟೇ: ಗುಡ್ಡದ ನೆತ್ತಿಯಲ್ಲಿ ತೊಟ್ಟಿ ಇದೆ, ಒರತೆಯ ನೀರು ಅದಕ್ಕೆ ಬಂದು ತುಂಬಿ, ಹೊರಚೆಲ್ಲಿ, ಸುತ್ತ ಪಾಚಿ ಬೆಳೆದಿದೆ. ಕೆಳಗೆ ಮನೆಗಳ ಮುಂದೆ ನಲ್ಲಿಗಳಿವೆ, ನಲ್ಲಿಗಳಿಂದ ತೊಟ್ಟಿಯ ತನಕ ಕೊಳವೆ ಬಂದಿದೆ. ತನಕ ಎಂದರೆ, ಒಂದು ಮೀಟರು ಈಚೆ ತನಕ. ತೊಟ್ಟಿಯವರ ಒಪ್ಪಂದ ತೊಟ್ಟಿಯ ಬಾಯಿಗೆ ಬೆಸೆದ ಉಕ್ಕಿನ ಬಿಲ್ಲೆಗೆ ಮುಗಿಯುತ್ತದೆ. ಕೊಳವೆಯವರ ಒಪ್ಪಂದ ಅಲ್ಲಿಂದ ಒಂದು ಮೀಟರು ದೂರದ ಇನ್ನೊಂದು ಬಿಲ್ಲೆಯಿಂದ ಶುರುವಾಗುತ್ತದೆ. ನಡುವಿನದು ಯಾರದೂ ಅಲ್ಲ. ಅದಾದರೂ ಒಂದು ತುಂಡು ಹಾಕಿ ಮುಗಿಸಬಹುದಿತ್ತೇನೋ. ಆದರೆ ತೊಟ್ಟಿಯ ಬಿಲ್ಲೆಗೆ ಬೋಲ್ಟು ಹಾಕಲು ಎಂಟು ತೂತು, ಕೊಳವೆಯ ಬಿಲ್ಲೆಗೆ ನಾಲ್ಕು. ಎರಡು ದೇಶಗಳಲ್ಲಿ ಎರಡು ಪದ್ಧತಿ. ನಾಲ್ಕು ತೂತಿನವರು ಎಂಟಕ್ಕೆ ಬಗ್ಗಬೇಕೇ, ಎಂಟು ತೂತಿನವರು ನಾಲ್ಕಕ್ಕೆ ಇಳಿಯಬೇಕೇ ಎಂಬುದು ಹನ್ನೊಂದು ತಿಂಗಳಿಂದ ಮೂರು ರಾಜಧಾನಿಗಳ ನಡುವೆ ಓಡಾಡುತ್ತಿದೆ.

“ಮೊದಲು ಆಕೆ ಮಾತಾಡಲಿ,” ಎಂದಳು ಅಳತೆಯವರ ಪ್ರತಿನಿಧಿ, ಬೆಳ್ಳಿಕೂದಲಿನ, ಬಹಳ ಮೃದು ದನಿಯ ಹೆಂಗಸು. ನೀರಿನಕ್ಕನನ್ನು ಒಳಗೆ ಕರೆತಂದು ಮೇಜಿನ ಕೊನೆಯ ಕುರ್ಚಿ ತೋರಿಸಿದರು. ಆಕೆ ಕೂರಲಿಲ್ಲ. ಸಭೆಯ ಭಾಷೆ ಬೇರೆ. ಆಕೆಯ ಮಾತನ್ನು ಅದಕ್ಕೆ ತಿರುಗಿಸಬೇಕಾದವನು ಅವನೇ.

“ನೀರು ತೊಟ್ಟೀಲಿ ತುಂಬಿ ಹೊರಗೆ ಸುರೀತಿದೆ,” ಎಂದಳು ನೀರಿನಕ್ಕ. “ನಮ್ಮ ನಲ್ಲಿಗಳು ಅದರ ಕೆಳಗೇ ಒಣಗಿ ನಿಂತಿವೆ. ನಾವು ಮಾತ್ರ ಕೊಡ ಹೊತ್ಕೊಂಡು ಹಳ್ಳಕ್ಕೇ ಇಳೀತಿದೀವಿ. ಮೂರು ತಿಂಗಳ ಹಿಂದೆ ನಮ್ಮತ್ತೆ ಆ ಇಳಿಜಾರಲ್ಲಿ ಕೊಡದ ಸಮೇತ ಬಿದ್ದು ಸೊಂಟ ಮುರ್ಕೊಂಡ್ರು. ಇವತ್ತಿಗೂ ಮಂಚ ಬಿಟ್ಟು ಎದ್ದಿಲ್ಲ, ಇನ್ನು ಏಳಲ್ಲ ಅಂತ ಡಾಕ್ಟ್ರು ಹೇಳಿದಾರೆ. ದಿನಾ ಬೆಳಿಗ್ಗೆ ಅವರನ್ನ ಎತ್ತಿ, ತೊಳ್ದು, ಮಲಗ್ಸಿ, ಆಮೇಲೆ ನಾನು ಅದೇ ಇಳಿಜಾರು ಇಳೀತೀನಿ. ಇವರಲ್ಲಿ ಯಾರಾದ್ರೂ ಒಬ್ರು ಬಂದು ಒಂದೇ ಒಂದು ದಿನ ನನ್ನ ಜೊತೆ ನೀರು ಹೊರ್ಲಿ. ಆಮೇಲೆ ನಾಲ್ಕೋ ಎಂಟೋ ಮಾತಾಡ್ಲಿ. ನಿಮ್ಮ ತೂತುಗಳಿಗಿಷ್ಟು ಬೆಂಕಿ ಹಾಕ.”

ಎಲ್ಲರೂ ಅವನ ಕಡೆ ತಿರುಗಿದರು. ತನ್ನ ಬಾಯಿಂದ ಹೊರಡುತ್ತಿರುವುದನ್ನು ಪಕ್ಕದಲ್ಲಿ ಕೂತು ಬೇರೆ ಯಾರೋ ಕೇಳಿಸಿಕೊಳ್ಳುತ್ತಿರುವ ಹಾಗೆ ಅವನಿಗೆ ಕೇಳಿಸಿತು: ಸಮುದಾಯವು ಯೋಜನೆಯನ್ನು ಸ್ವಾಗತಿಸುತ್ತದೆ, ಹಿರಿಯ ನಾಗರಿಕರಿಗೆ ನೀರಿನ ಲಭ್ಯತೆಯಲ್ಲಿ ಕೆಲವು ತೊಡಕುಗಳಿವೆ, ಜೋಡಣೆಯ ಕಾರ್ಯ ಶೀಘ್ರವಾಗಿ ಮುಗಿಯುವುದೆಂದು ಅವರು ಆಶಿಸುತ್ತಾರೆ. ಮೇಜಿನ ಸುತ್ತ ಮುಖಗಳು ಅರಳಿದವು. ಕೊಳವೆಯವರ ಪ್ರತಿನಿಧಿ ಆಕೆಯ ಕಡೆ ನೋಡಿ ಮುಗುಳ್ನಕ್ಕು, ಎದೆಯ ಮೇಲೆ ಕೈಯಿಟ್ಟು ತಲೆಬಾಗಿಸಿದ.

ನೀರಿನಕ್ಕ ಅವನನ್ನೇ ನೋಡಿದಳು. “ನಾನು ಅಷ್ಟುದ್ದ ಹೇಳ್ದೆ. ನೀವು ಇಷ್ಟೇ ಇಷ್ಟು ಹೇಳಿದ್ರಿ.”

“ಆ ಭಾಷೇಲಿ ಚಿಕ್ಕದಾಗಿ ಬರತ್ತೆ ಅಕ್ಕಾ.”

“ಮತ್ತೆ ಅವರು ಯಾಕೆ ನಗ್ತಿದಾರೆ? ನಮ್ಮತ್ತೆ ಸೊಂಟ ಮುರಿದಿದ್ದಕ್ಕೆ ನಗ್ತಾರಾ ಯಾರಾದ್ರೂ?”

ಬೆಳ್ಳಿಕೂದಲಿನಾಕೆ ಮುಂದಕ್ಕೆ ಬಾಗಿ, ಏನು ಹೇಳುತ್ತಿದ್ದಾರೆ ಎಂದು ಕೇಳಿದಳು. ನಿಮಗೆ ವಂದನೆ ಹೇಳುತ್ತಿದ್ದಾರೆ, ಎಂದ ಅವನು.

ಮೂರು ತಿಂಗಳ ಹಿಂದೆ, ಎಂದಳಲ್ಲ ನೀರಿನಕ್ಕ. ಆಕೆಯನ್ನು ಹೊರಗೆ ಕಳುಹಿಸಿ ಬಾಗಿಲು ಹಾಕಿ, ತೊಟ್ಟಿಯವರು ಎಂಟು ತೂತಿನ ಮೇಲ್ಮೆಯ ಬಗ್ಗೆ ಪರದೆಯ ಮೇಲೆ ಚಿತ್ರಗಳನ್ನು ತೋರಿಸತೊಡಗಿದ ಮೇಲೂ ಆ ಮಾತು ಅವನ ತಲೆಯಲ್ಲಿ ತಿರುಗುತ್ತಿತ್ತು. ಮೂರು ತಿಂಗಳು. ಹಾಗಾದರೆ ತಮ್ಮನ ಮನೆಯ ಆ ಊಟ ನಡೆದದ್ದು ಯಾವಾಗ? ತಮ್ಮನ ಎರಡನೆಯ ಮಗಳ ಹುಟ್ಟಿದ ದಿನ ಅದು. ಅಂದರೆ ನಾಲ್ಕು ತಿಂಗಳು ತುಂಬಿ ಎರಡು ದಿನ. ಅಮ್ಮ ಇರುವುದು ತಮ್ಮನ ಜೊತೆಯಲ್ಲೇ, ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ. ಕೆಳಗೆ ತಮ್ಮನ ಲೇತ್ ವರ್ಕ್‌ಶಾಪು, ಮೇಲೆ ಮನೆ. ಅಪ್ಪನ ಕಾಲದ ವರ್ಕ್‌ಶಾಪು ಅದು. ಇವನ ಕೈ ಪೆನ್ನು ಹಿಡಿಯೋ ಕೈ, ಇವನ್ನ ಇದಕ್ಕೆ ಎಳೀಬೇಡಿ, ಎಂದು ಅಪ್ಪ ಇವನನ್ನು ಎಣ್ಣೆ ಮಸಿಯಿಂದ ದೂರವಿಟ್ಟು ತಮ್ಮನನ್ನು ಯಂತ್ರದ ಮುಂದೆ ನಿಲ್ಲಿಸಿದ್ದರು. ಅದರ ಬಗ್ಗೆ ಅವನಿಗೆ ಎಷ್ಟೋ ವರ್ಷ ಹೆಮ್ಮೆಯೇ ಇತ್ತು. ಅವತ್ತು ಊಟದ ನಡುವೆ ಅಮ್ಮ, ಯಾಕೋ ಸೊರಗಿದೀಯ, ಎಂದು ಕೇಳಿದ್ದಕ್ಕೆ ಅವನು ತೂತುಗಳ ಕತೆ ಹೇಳಿದ. ತಮ್ಮ ತುತ್ತು ಕೈಯಲ್ಲಿ ಹಿಡಿದವನು ಹಾಗೇ ಕೇಳಿಸಿಕೊಂಡ. ಒಂದು ತುದೀಲಿ ನಾಲ್ಕು, ಇನ್ನೊಂದು ತುದೀಲಿ ಎಂಟು ತೂತಿರೋ ಪೈಪಿನ ತುಂಡು ಮಾಡಿದ್ರಾಯ್ತಲ್ಲ ಅಣ್ಣ, ಅಳತೆ ಕೊಡು, ನಾಳೆ ಸಾಯಂಕಾಲದೊಳಗೆ ಮಾಡ್ಕೊಡ್ತೀನಿ, ಎಂದ.

ಅಷ್ಟು ಸಲೀಸಾಗಿ ಹೇಳಬಾರದಿತ್ತು ತಮ್ಮ. ಏಳು ತಿಂಗಳ ಪತ್ರವ್ಯವಹಾರ, ಎರಡು ಉಪಸಮಿತಿ, ವಿಮಾನದಲ್ಲಿ ಬಂದು ಹೋದ ಇಬ್ಬರು ತಜ್ಞರು; ಅಷ್ಟನ್ನೂ ಹುಡುಗರ ಮುಂದೆ, ಹೆಂಡತಿಯ ಮುಂದೆ, ಎಂಜಲು ಕೈಯಲ್ಲಿ ಬದಿಗೆ ಸರಿಸಿಬಿಟ್ಟಂತೆ ಆಯಿತು. “ನಿನಗಿದೆಲ್ಲ ಅರ್ಥ ಆಗಲ್ಲ,” ಎಂದಿದ್ದ ಅವನು. “ಇದು ಅಂತಾರಾಷ್ಟ್ರೀಯ ಮಟ್ಟದ ವಿಷಯ.” ಆಮೇಲೆ ತಮ್ಮನ ಮಗಳಿಗೆ ನಗು ತಡೆಯಲಾಗಲಿಲ್ಲ, ಅವಳನ್ನು ನೋಡಿ ಅವಳಕ್ಕನಿಗೆ, ಅವಳನ್ನು ನೋಡಿ ಇವನ ಹೆಂಡತಿಗೂ. ಅಂದಿನಿಂದ ಆ ಮನೆಯಲ್ಲಿ ಅವನು ಅಂತಾರಾಷ್ಟ್ರೀಯ ದೊಡ್ಡಪ್ಪ. ಅವನು ಮತ್ತೆ ಅಲ್ಲಿಗೆ ಹೋಗಿರಲಿಲ್ಲ. ಅಮ್ಮನ ಜೊತೆ ಫೋನಿನಲ್ಲೇ ಮಾತು. ಈಗ ಸಭೆಯಲ್ಲಿ ಕೂತು, ನಡಾವಳಿ ಬರೆಯುವ ಹಾಳೆಯ ಅಂಚಿನಲ್ಲಿ ಅವನು ಎರಡು ಗೀಟು ಎಳೆದ. ಮೊದಲ ಗೀಟು ಊಟ. ಎರಡನೆಯದು ಮುದುಕಿ ಬಿದ್ದದ್ದು. ಎಷ್ಟು ಎಳೆದರೂ ಊಟದ ಗೀಟೇ ಮೊದಲು ಬರುತ್ತಿತ್ತು. ನಡುವೆ ಒಂದು ತಿಂಗಳು ಬಿಳಿಯಾಗಿ ಬಿದ್ದುಕೊಂಡಿತ್ತು.

“ಹಾಗಾದರೆ ಇದನ್ನು ಮೂರನೆಯ ತಾಂತ್ರಿಕ ಉಪಸಮಿತಿಗೆ ಒಪ್ಪಿಸೋಣ,” ಎಂದು ತೊಟ್ಟಿಯವರು ಹೇಳಿದಾಗ ಕೊಳವೆಯವರು ತಲೆದೂಗಿದರು. ಹನ್ನೊಂದು ತಿಂಗಳಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು. ಅಳತೆಯವರು, ಈ ಒಮ್ಮತವನ್ನು ವರದಿಯಲ್ಲಿ ಸಾಧನೆಯೆಂದು ಸೇರಿಸಬಹುದೇ ಎಂದು ಕೇಳಿದರು.

“ನಡಾವಳೀಲಿ ಹಾಕ್ಕೊಳ್ರಿ,” ಎಂದರು ನಿರ್ದೇಶಕರು, ಅವನ ಕಡೆ ನೋಡದೆ.

“ಸಾರ್,” ಎಂದ ಅವನು. ದನಿ ಸ್ವಲ್ಪ ಎತ್ತರವಾಯಿತು. “ಆ ಒಂದು ಮೀಟರು ಯಾರದು ಸಾರ್?”

“ಅದೇ ಅಲ್ವೇನ್ರೀ ಪ್ರಶ್ನೆ? ಯಾರದೂ ಅಲ್ಲ.”

“ಯಾರದೂ ಅಲ್ಲ ಅಂದ್ರೆ, ಅಲ್ಲಿ ಯಾರಾದ್ರೂ ಏನಾದ್ರೂ ಮಾಡಿದ್ರೆ, ಬೇಡ ಅನ್ನೋಕೂ ಯಾರೂ ಇಲ್ಲ.”

ನಿರ್ದೇಶಕರು ಕನ್ನಡಕ ತೆಗೆದರು. “ನಿಮಗೆ ಹುಷಾರಿಲ್ವಾ? ಮಧ್ಯಾಹ್ನ ಗುಂಪು ಫೋಟೋ ಇದೆ. ಮೊದಲು ಆ ಕುರ್ಚಿಗಳನ್ನ ನೋಡ್ಕೊಳ್ಳಿ.”

ಊಟದ ಬಿಡುವಿಗೆ ಎಲ್ಲರೂ ಎದ್ದಾಗ ಅವನು ಮೊಗಸಾಲೆಗೆ ಬಂದ. ಬೆಂಚು ಖಾಲಿಯಿತ್ತು. ನೀರಿನಕ್ಕ ಬಸ್ಸಿಗೆ ಹೊರಟುಬಿಟ್ಟಿದ್ದಳು, ಅರ್ಜಿಯನ್ನು ಬೆಂಚಿನ ಮೇಲೆಯೇ ಇಟ್ಟು, ಗಾಳಿಗೆ ಹಾರದಂತೆ ಅದರ ಮೇಲೆ ಒಂದು ಚಹಾದ ಲೋಟ ಕವುಚಿ. ಲೋಟದ ತಳದ ಚಹಾ ಇಳಿದು ಕಾಗದದಲ್ಲಿ ದುಂಡನೆ ಕಂದು ಗೆರೆ ಮೂಡಿತ್ತು. ಅವನು ಅದನ್ನು ಓದಲಿಲ್ಲ. ಓದುವುದೇನಿದೆ, ಎಲ್ಲವನ್ನೂ ಕೇಳಿಸಿಕೊಂಡಾಗಿದೆ. ಕೋಣೆಗೆ ಹೋಗಿ ಮೇಲ್ವಸತಿಯ ಕಡತವನ್ನು ಎದೆಗವಚಿಕೊಂಡ, ಎರಡು ಕೈಯಲ್ಲಿ ಎತ್ತಬೇಕಾದಷ್ಟು ದಪ್ಪದ್ದು. ಮೆಟ್ಟಿಲಿಳಿಯುವಾಗ ಕೆಳಗಿನ ಮಹಡಿಯವರು ಯಾರೋ, ಊಟ ಆಯ್ತಾ ಸಾರ್, ಎಂದರು. ಆಯ್ತು, ಎಂದ. ಇವತ್ತಿನ ಸುಳ್ಳುಗಳಲ್ಲಿ ಇದಾದರೂ ಯಾರ ಸೊಂಟವನ್ನೂ ಮುರಿಯದ ಸುಳ್ಳು.

ವರ್ಕ್‌ಶಾಪಿನಲ್ಲಿ ಲೇತು ತಿರುಗುತ್ತಿತ್ತು. ತಮ್ಮ ಬೆನ್ನು ಮಾಡಿ ನಿಂತಿದ್ದ. ಬೆನ್ನಿನ ಮೇಲೆ ಅಂಗಿ ಬೆವರಿಗೆ ಅಂಟಿಕೊಂಡು, ನಿಂತ ಭಂಗಿಯೆಲ್ಲ ಅಪ್ಪನದೇ. ಹೊಸ್ತಿಲಲ್ಲಿ ನಿಂತ ಅವನಿಗೆ ಹಿಂದಿರುಗಿ ಹೋಗಿಬಿಡೋಣವೆನ್ನಿಸಿತು; ಗುಂಪು ಫೋಟೋಗೆ ಇನ್ನೂ ಹೊತ್ತಿದೆ, ಕುರ್ಚಿ ಜೋಡಿಸುವುದೇನು ದೊಡ್ಡ ಕೆಲಸ. ಅಷ್ಟರಲ್ಲಿ ತಮ್ಮ ತಿರುಗಿದ.

“ಓಹೋ, ಅಂತಾರಾಷ್ಟ್ರೀ...” ಎಂದವನು ಅಣ್ಣನ ಮುಖ ನೋಡಿ ಯಂತ್ರ ನಿಲ್ಲಿಸಿದ. “ಏನಾಯ್ತು? ಅತ್ತಿಗೆ ಹುಷಾರಾಗಿದಾರಾ?”

“ಎಲ್ಲಾ ಹುಷಾರಾಗಿದಾರೆ. ಆ ಪೈಪಿನ ತುಂಡು... ಮಾಡ್ಕೊಡ್ತೀಯಾ?”

“ಯಾವುದು? ನಾಲ್ಕು, ಎಂಟರದ್ದಾ?” ತಮ್ಮ ಕೈ ಒರೆಸಿಕೊಂಡ. “ಅದು ಇನ್ನೂ ಆಗಿಲ್ವಾ?”

ಅವನು ಕಡತವನ್ನು ಮುಂದೆ ಹಿಡಿದ. ತಮ್ಮ ಅದನ್ನು ಒಂದು ಪೀಪಾಯಿಯ ಮೇಲಿಟ್ಟು ಹಾಳೆಗಳನ್ನು ಮಗುಚತೊಡಗಿದ. ಪತ್ರ, ಪತ್ರಕ್ಕೆ ಉತ್ತರ, ಉತ್ತರ ಬಂದು ತಲುಪಿತೆಂಬ ಪತ್ರ, ಸಭೆಗಳ ಹಾಜರಿ. ಪ್ರತಿ ಹಾಳೆಗೂ ಎಣ್ಣೆಯ ಹೆಬ್ಬೆರಳು ಮೂಡುತ್ತಿತ್ತು, ಅವನು ಬೇಡವೆನ್ನಲಿಲ್ಲ. ಎಲ್ಲೋ ಕೊನೆಯಲ್ಲಿ ಬಿಲ್ಲೆಗಳ ನಕ್ಷೆ ಸಿಕ್ಕಿತು. ತಮ್ಮ ಆ ಒಂದು ಹಾಳೆಯನ್ನು ಎಳೆದುಕೊಂಡು ಉಳಿದದ್ದನ್ನು ಮುಚ್ಚಿ ಅಣ್ಣನ ಕೈಗಿಟ್ಟ. “ಇಷ್ಟು ಸಾಕು,” ಎಂದ. ಯಾವ ಚುಚ್ಚೂ ಇರಲಿಲ್ಲ ಆ ಮಾತಿನಲ್ಲಿ, ಕೆಲಸಗಾರನ ಮಾತು. ಚುಚ್ಚಿದ್ದಿದ್ದರೆ ವಾಸಿಯಿತ್ತು.

ಆಮೇಲೆ ಮೂರು ಗಂಟೆ ಅವನು ಅಲ್ಲೇ ಇದ್ದ. ತಮ್ಮ ಉಕ್ಕಿನ ಹಲಗೆಯಿಂದ ಎರಡು ಬಿಲ್ಲೆ ಕತ್ತರಿಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ, ಒಂದಕ್ಕೆ ನಾಲ್ಕು, ಇನ್ನೊಂದಕ್ಕೆ ಎಂಟು ತೂತು ಕೊರೆದ. ಮೀಟರಿನುದ್ದದ ಪೈಪನ್ನು ನೆಟ್ಟಗೆ ಹಿಡಿದುಕೊಳ್ಳಲು ಒಬ್ಬರು ಬೇಕಿತ್ತು. “ಹಿಡ್ಕೋ. ಅಲ್ಲಾಡಿಸ್ಬೇಡ. ಕಣ್ಣು ಆಕಡೆ ತಿರುಗ್ಸು, ಬೆಂಕಿ ನೋಡ್ಬೇಡ.” ವೆಲ್ಡಿಂಗಿನ ಕಿಡಿಗಳು ಅವನ ಇಸ್ತ್ರಿ ಮಾಡಿದ ತೋಳಿನ ಮೇಲೆ ಬಿದ್ದು ಸಣ್ಣ ಸಣ್ಣ ಕಪ್ಪು ಚುಕ್ಕೆಗಳಾದವು. ಮುಖ ಗೋಡೆಗೆ ತಿರುಗಿಸಿ, ಎರಡು ಕೈಯಲ್ಲಿ ಬಿಸಿಯೇರುತ್ತಿರುವ ಕಬ್ಬಿಣ ಹಿಡಿದು ನಿಂತಿರುವಾಗ ಜೇಬಿನಲ್ಲಿ ಫೋನು ಅದುರತೊಡಗಿತು. ನಿಂತಿತು. ಮತ್ತೆ ಅದುರಿತು. ಈಗ ಕುರ್ಚಿಗಳನ್ನು ಜೋಡಿಸುವವರಿಲ್ಲದೆ ಅಳತೆಯವರು ಗೋಡೆಗೆ ಆನಿಕೊಂಡು ನಿಂತಿರಬಹುದು. ನಿರ್ದೇಶಕರು ಕಿಟಕಿಯಿಂದ ಬಗ್ಗಿ ನೋಡುತ್ತಿರಬಹುದು. ನಾಳೆ ವಿವರಣೆ ಕೇಳಿ ಪತ್ರ ಬರುತ್ತದೆ. ಅನುಮತಿಯಿಲ್ಲದ ಜೋಡಣೆ ಎಂದು ತೊಟ್ಟಿಯವರು ಒಂದು, ಕೊಳವೆಯವರು ಒಂದು ಬರೆಯುತ್ತಾರೆ. ಅದನ್ನು ಬಿಚ್ಚಬೇಕೇ ಬೇಡವೇ ಎಂಬುದಕ್ಕೆ ನಾಲ್ಕನೆಯ ಉಪಸಮಿತಿ. ಆ ಪತ್ರಗಳ ಒಕ್ಕಣೆ ಕೂಡ ಅವನಿಗೆ ಬಾಯಿಪಾಠವಿತ್ತು, ಎಷ್ಟೋ ಸಲ ಅವನೇ ಬರೆದುಕೊಟ್ಟಿದ್ದ. ಮೇಲಿನಿಂದ ಅಮ್ಮ ಮೆಟ್ಟಿಲಲ್ಲಿ ಬಗ್ಗಿ, ಯಾರೋ ಅದು, ದೊಡ್ಡೋನಾ, ಎಂದು ಕೂಗಿದಳು. “ಹೌದಮ್ಮಾ, ಕೆಲಸದಲ್ಲಿದಾನೆ,” ಎಂದು ತಮ್ಮ ಕೂಗಿ ಹೇಳಿದ. ಆ ಮಾತು ಕೇಳಿ ಅವನಿಗೆ ಕಣ್ಣು ಯಾಕೆ ಹಾಗೆ ಉರಿಯಿತೋ, ಹೊಗೆಗೇ ಇರಬೇಕು.

ತಮ್ಮನ ವ್ಯಾನು ಗುಡ್ಡ ಹತ್ತಿ ತೊಟ್ಟಿಯ ಬಳಿ ನಿಂತಾಗ ಬಿಸಿಲು ಇನ್ನೂ ಇತ್ತು. ತೊಟ್ಟಿಯ ಅಂಚಿನಿಂದ ನೀರು ಸದ್ದಿಲ್ಲದೆ ಇಳಿದು ಕಲ್ಲುಗಳ ನಡುವೆ ಕಳೆದುಹೋಗುತ್ತಿತ್ತು. ಎಂಟು ತೂತಿನ ಬಾಯಿ ಈ ಕಡೆ, ನಾಲ್ಕು ತೂತಿನ ಬಾಯಿ ಆ ಕಡೆ, ಒಂದನ್ನೊಂದು ನೋಡುತ್ತಾ, ಮಾತು ಬಿಟ್ಟ ಅಣ್ಣತಮ್ಮಂದಿರ ಹಾಗೆ. ಹಾಗೆಂದು ಹೊಳೆದ ಕೂಡಲೇ ಆ ಹೋಲಿಕೆಗೂ ಅವನಿಗೆ ರೇಗಿತು. ಎಲ್ಲದರಲ್ಲೂ ತನ್ನನ್ನೇ ಕಾಣುವ ಚಾಳಿ. ತುಂಡು ಸರಿಯಾಗಿ ಕೂತಿತು. ತಮ್ಮ ಎರಡು ತುದಿಗೂ ರಬ್ಬರಿನ ಬಳೆ ಕೊಟ್ಟು, ಎಂಟು ಬೋಲ್ಟುಗಳ ಕಡೆ ತಾನು ಕೂತು, ಅಣ್ಣನಿಗೆ ನಾಲ್ಕರ ಕಡೆ ಸ್ಪ್ಯಾನರ್ ಕೊಟ್ಟ. “ಒಂದನ್ನೇ ಪೂರ್ತಿ ಬಿಗೀಬೇಡ. ಎದುರುಬದುರು ಸ್ವಲ್ಪ ಸ್ವಲ್ಪ.” ಅವನ ಅಂಗೈ ತರಚಿತು. ತೊಟ್ಟಿಯ ಬಾಯಿಯ ವಾಲ್ವು ತಿರುಗಿಸಿ ನೀರು ಬಿಟ್ಟಾಗ ಅವನು ಬಿಗಿದ ಕಡೆಯಿಂದಲೇ ಹನಿ ಜಿನುಗಿತು. ಇನ್ನರ್ಧ ಸುತ್ತು, ಎಂದ ತಮ್ಮ. ಅವನು ಮೈಯ ಭಾರವೆಲ್ಲ ಹಾಕಿ ಅರ್ಧ ಸುತ್ತು ತಿರುಗಿಸಿದ. ಜಿನುಗುವುದು ನಿಂತಿತು. ನೆಲದ ಕೆಳಗೆ ಕೊಳವೆಯೊಳಗೆ ಗಾಳಿಯನ್ನು ತಳ್ಳಿಕೊಂಡು ನೀರು ಇಳಿಯುತ್ತಿರುವ ಗುಡುಗುಡು ಅವರ ಕಾಲ ಬುಡದಿಂದ ಹೊರಟು ಇಳಿಜಾರಿನುದ್ದಕ್ಕೂ ಹೋಯಿತು.

ಇಬ್ಬರೂ ಅದರ ಹಿಂದೆಯೇ ಕೆಳಗಿಳಿದರು. ಮೊದಲ ಮನೆಯ ಮುಂದಿನ ನಲ್ಲಿ ಕೆಮ್ಮಿತು. ಉಗಿಯಿತು, ಕೆಂಪಗೆ, ತುಕ್ಕಿನ ನೀರು. ಮತ್ತೆ ಕೆಮ್ಮಿ ಸುಮ್ಮನಾಗಿ, ಇದ್ದಕ್ಕಿದ್ದಂತೆ ಬೆರಳು ಗಾತ್ರದ ಬೆಳ್ಳನೆಯ ಧಾರೆಯಾಗಿ ಸಿಮೆಂಟು ಕಟ್ಟೆಯ ಮೇಲೆ ಬಿತ್ತು. ಬಾಗಿಲುಗಳು ತೆರೆದುಕೊಂಡವು. ಆ ಮೊದಲ ಮನೆ ನೀರಿನಕ್ಕನದೇ. ಹೊರಗೆ ಬಂದವಳು, ಬೆಳಿಗ್ಗೆ ಕಚೇರಿಗೆ ಬಂದ ಸೀರೆಯಲ್ಲೇ ಇದ್ದಳು. ನಲ್ಲಿಯನ್ನು ನೋಡಿದಳು, ಅವನನ್ನು ನೋಡಿದಳು, ಅವನ ಸುಟ್ಟ ತೋಳನ್ನು ನೋಡಿದಳು. ಧಾರೆಗೆ ಕೈಯೊಡ್ಡಿ ಹಿಂದೆಗೆದಳು.

“ಏನು ಮಾಡಿದ್ರಿ?”

“ಒಂದು ತುಂಡು ಹಾಕಿದ್ವಿ ಅಕ್ಕಾ,” ಎಂದ ತಮ್ಮ.

“ತುಂಡಾ? ಎಷ್ಟುದ್ದದ್ದು?”

ತಮ್ಮ ಎರಡು ಕೈಯನ್ನೂ ಅಗಲಿಸಿ ತೋರಿಸಿದ. ಆಕೆ ಆ ಎರಡು ಕೈಗಳ ನಡುವಿನ ಖಾಲಿಯನ್ನು ಸ್ವಲ್ಪ ಹೊತ್ತು ನೋಡಿದಳು. ಸುತ್ತ ಐದಾರು ಹೆಂಗಸರು ಸೇರಿದ್ದರು, ಅವರೂ ನೋಡಿದರು.

“ಇಷ್ಟಕ್ಕೆ ಹನ್ನೊಂದು ತಿಂಗಳಾ?”

ತಮ್ಮ ಅಣ್ಣನ ಕಡೆ ಒಂದು ಸಲ ಕಣ್ಣು ಹಾಯಿಸಿದ. “ಹಾಗಲ್ಲ ಅಕ್ಕಾ. ಅದು ಸಲೀಸಾಗಿ ಸಿಗೋದಲ್ಲ, ಹೊರದೇಶದಿಂದ ಬರ್ಬೇಕಿತ್ತು. ನಮ್ಮಣ್ಣ ಬರ್ದೂ ಬರ್ದೂ, ಕಾದೂ ಕಾದೂ, ಇವತ್ತು ಬಂತು. ಬಂದ ತಕ್ಷಣ ಊಟಾನೂ ಮಾಡ್ದೆ ಹೊತ್ಕೊಂಡು ಬಂದಿದಾನೆ.”

ಹೆಂಗಸರ ಮುಖಗಳು ಸಡಿಲವಾದವು. ಯಾರೋ ಒಬ್ಬಳು, ಪಾಪ, ಎಂದಳು. ಅಷ್ಟೇ ಸಾಕಿತ್ತು. ಸುಮ್ಮನೆ ನಿಂತಿದ್ದರೆ, ಒಂದು ಲೋಟ ನೀರು ಕೇಳಿ ಕುಡಿದು ವ್ಯಾನು ಹತ್ತಿದ್ದರೆ, ಮುಗಿದುಹೋಗುತ್ತಿತ್ತು. ತಮ್ಮ ಆ ಕತೆಯನ್ನು ಎಷ್ಟು ಅಚ್ಚುಕಟ್ಟಾಗಿ ಬೆಸೆದು ಕೊಟ್ಟಿದ್ದ.

“ಸುಳ್ಳು,” ಎಂದ ಅವನು. “ಎಲ್ಲಿಂದಲೂ ಬರಲಿಲ್ಲ. ಇವನೇ ಮಾಡಿದ್ದು, ಇವತ್ತು ಮಧ್ಯಾಹ್ನ, ಮೂರು ಗಂಟೇಲಿ. ನಾಲ್ಕು ತಿಂಗಳ ಹಿಂದೇನೇ ಮಾಡ್ಕೊಡ್ತೀನಿ ಅಂದಿದ್ದ. ನಾನೇ ಬೇಡ ಅಂದೆ.”

“ಅಣ್ಣಾ,” ಎಂದ ತಮ್ಮ ಮೆಲ್ಲಗೆ.

“ಯಾಕೆ ಬೇಡ ಅಂದ್ರಿ?” ಎಂದಳು ನೀರಿನಕ್ಕ.

ಎಲ್ಲರೂ ನಕ್ಕರು ಅಂತ, ಎಂದು ಹೇಳಬಹುದಿತ್ತು. ನಿಜ ಹೇಳಬೇಕೆಂದರೆ, ಆಗ ಇನ್ನೂ ಯಾರೂ ನಕ್ಕಿರಲೂ ಇಲ್ಲ. “ನನ್ನ ಕೆಲಸ ಅಷ್ಟು ಸುಲಭ ಅಂತ ಆಗ್ಬಾರದಿತ್ತು,” ಎಂದ ಕೊನೆಗೆ. ಆಕೆಯ ತುಟಿಗಳು ಸ್ವಲ್ಪ ಅಲುಗುತ್ತಿದ್ದವು. ನಾಲ್ಕು, ಮೂರು, ಆಕೆಯೂ ಅದೇ ಎರಡು ಗೀಟುಗಳನ್ನು ಎಳೆದು ನೋಡುತ್ತಿದ್ದಾಳೆಂದು ಅವನಿಗೆ ಗೊತ್ತಾಯಿತು. ಗೊತ್ತಾದ ಮೇಲೆ ಆಕೆ ಕಿರುಚಲಿ, ಉಗಿಯಲಿ, ಆ ಬೆಂಕಿ ತನಗೇ ಹಾಕಲಿ ಎಂದು ಕಾದ. ಒಳಗಿನಿಂದ, ಮಂಚದ ಮೇಲಿನಿಂದ ಮುದಿ ದನಿಯೊಂದು, “ಏನೇ ಅದು ಸದ್ದು?” ಎಂದಿತು.

ನೀರು ಕಟ್ಟೆ ತುಂಬಿ, ಅವನ ಬೂಟುಗಳ ಸುತ್ತ ಹರಿದು, ಅಂಗಳದ ಮಣ್ಣಿಗೆ ಇಳಿಯುತ್ತಿತ್ತು.

“ನೀರು ಅತ್ತೇ,” ಎಂದಳು ನೀರಿನಕ್ಕ. ಒಳಗೆ ಹೋಗಿ ಎರಡು ಕೊಡ ಹಿಡಿದು ಬಂದಳು. ಅವನು ನಲ್ಲಿಗೆ ಅಡ್ಡವಾಗಿ ನಿಂತಿದ್ದ.

“ಪಕ್ಕಕ್ಕೆ ಸರೀರಿ,” ಎಂದಳು. “ಕೊಡ ಇಡ್ಬೇಕು.”

ಅವನು ಸರಿದ. ಆಕೆ ಕೊಡ ಇಟ್ಟಳು. ಆಕೆಯ ಹಿಂದೆ ಇನ್ನೊಬ್ಬಳು ಕೊಡ ತಂದಳು, ಅವಳ ಹಿಂದೆ ಮತ್ತೊಬ್ಬಳು. ಅವನು ಇನ್ನೂ ಸ್ವಲ್ಪ ಸರಿದ.